ಎಳೆ ಎಣಿಸುವ ಸುಖ



ರೇಡಿಯೋ ಮರದ ಪೆಟ್ಟಿಗೆಯಾಗಿ ನಡುಮನೆಯಲ್ಲಿ ಕೂತಿದ್ದ ಕಾಲದಲ್ಲಿ ಅದಕ್ಕೊಂದು ಹೊದಿಕೆ ಇರುತ್ತಿತ್ತು. ಬಿಳಿಯ ಪಾಪ್ಲಿನ್ ಬಟ್ಟೆ, ಅಂಚಿಗೆ ಕ್ರೋಷಾ, ಮೂಲೆಗೊಂದು ಲೇಜಿ ಡೇಜಿ ಹೂವು. ಅದೇ ಮನೆಯ ತಲೆದಿಂಬಿನ ಗವಸಿನ ಮೇಲೆ ‘ಗುಡ್ ನೈಟ್’ ಎಂದು ಬಣ್ಣದ ದಾರದ ಅಕ್ಷರ, ಬಾಗಿಲ ಮೇಲೆ ಕಟ್ಟು ಹಾಕಿಸಿದ ‘ಸುಸ್ವಾಗತ’, ದೇವರ ಹಿಂದೆ ಮಣಿ ಪೋಣಿಸಿದ ಪರದೆ. ಇವೆಲ್ಲ ಆ ಮನೆಯ ಹೆಣ್ಣುಮಕ್ಕಳ ಕೈಯಿಂದಲೇ ಆದವು. ನೋಡಲು ಬಂದವರು, “ಹೊತ್ತು ಹೋಗಲಿ ಅಂತ ಏನೋ ಮಾಡ್ತಿರ್ತಾಳೆ” ಎಂಬ ಮನೆಯವರ ಮಾತು ಕೇಳಿ ತಲೆದೂಗುತ್ತಿದ್ದರು.

ಆ ಮಾತನ್ನು ನಾನು ಒಪ್ಪುವುದಿಲ್ಲ. ಸೂಜಿಯ ಕೆಲಸಕ್ಕೆ ಬೇಕಾಗುವ ಲೆಕ್ಕ, ಮುಂದಾಲೋಚನೆ, ಜ್ಞಾಪಕಶಕ್ತಿ ಎಷ್ಟು ಎಂಬುದು ಕೂತು ಮಾಡಿದವರಿಗೇ ಗೊತ್ತು. ಅದರ ಸುಖವೂ ಅಲ್ಲಿಯೇ ಇದೆ ಎಂದು ನನ್ನ ನಂಬಿಕೆ. ಚಂದ ಕಾಣುವ ಹೂವು ಕೊನೆಗೆ ಸಿಗುವ ಫಲ; ಹೂವಿಗೆ ಹೋಗುವ ದಾರಿಯನ್ನು ಮನಸ್ಸಿನಲ್ಲಿ ಹಾಕಿಕೊಳ್ಳುತ್ತಾ ಹೋಗುವುದರಲ್ಲಿ ಇರುವ ಆನಂದ ಅದಕ್ಕಿಂತ ದೊಡ್ಡದು. ಇದನ್ನು ತೋರಿಸಿಕೊಡಲು ಉತ್ತರ ಕರ್ನಾಟಕದ ಕಸೂತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಯಾವ ಸೂಜಿ ಕೆಲಸವನ್ನಾದರೂ ಕಸೂತಿ ಎಂದು ಕರೆಯುವ ರೂಢಿ ಇದೆ. ನಾನು ಹೇಳುತ್ತಿರುವುದು ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಎಳೆ ಎಣಿಸಿ ಹಾಕುವ ಕಸೂತಿಯನ್ನು. ಮದುವೆಯಲ್ಲಿ ಮಗಳಿಗೆ ಕೊಡುವ ಸೀರೆಗಳಲ್ಲಿ ಕರಿಯ ರೇಷ್ಮೆಯ ಚಂದ್ರಕಾಳಿ ಇರಬೇಕು, ಅದರ ಮೇಲೆ ಕಸೂತಿ ಇರಬೇಕು ಎಂಬುದು ಆ ಕಡೆಯ ಪದ್ಧತಿಯಾಗಿತ್ತು. ಇಳಕಲ್ಲ ಸೀರೆಯ ಕೆಂಪು ಸೆರಗಿನ ಹತ್ತಿರ ದೊಡ್ಡ ಚಿತ್ತಾರಗಳು: ಗೋಪುರ, ತೇರು, ಅಂಬಾರಿ ಹೊತ್ತ ಆನೆ, ಪಲ್ಲಕ್ಕಿ, ತುಳಸಿಕಟ್ಟೆ. ಸೆರಗಿನಿಂದ ದೂರ ಸರಿದಂತೆ ಚಿತ್ತಾರಗಳು ಚಿಕ್ಕವಾಗುತ್ತವೆ. ನವಿಲು, ಗಿಳಿ, ಹಂಸ, ತೊಟ್ಟಿಲು, ಕಮಲ. ಆಮೇಲೆ ಸೀರೆಯ ಒಡಲಿನ ತುಂಬ ಚಿಕ್ಕಿ ಚಿಕ್ಕಿ. ಗುಳೇದಗುಡ್ಡದ ಖಣದ ಕುಪ್ಪಸಕ್ಕೂ, ಕೂಸಿನ ಕುಂಚಿಗೆಗೂ ಇದೇ ಕೈಕೆಲಸ. ಹೆಣ್ಣುಮಗಳು ಬಾವಿಗೆ ಹೋಗುವಾಗ, ಗುಡಿಗೆ ಹೋಗುವಾಗ, ಜಾತ್ರೆಯ ದಿನ ಮಾಳಿಗೆಯ ಮೇಲೆ ನಿಂತಾಗ ಕಣ್ಣಿಗೆ ಬಿದ್ದದ್ದೆಲ್ಲ ಸೀರೆಗೆ ಬಂದಿದೆ. ತೇರಿನ ಕಳಸ ಎಷ್ಟು, ಅಂಬಾರಿಯ ಕೊಡೆಗೆ ಜಾಲರಿ ಹೇಗೆ ಎಂಬುದೆಲ್ಲ ನೆನಪಿನಿಂದಲೇ.

ಈ ಕಸೂತಿಗೆ ಕೆಲವು ಕಟ್ಟುನಿಟ್ಟುಗಳಿವೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದಾಗಲಿ ಕಾರ್ಬನ್ ಕಾಗದದಿಂದಾಗಲಿ ಚಿತ್ರ ಬರೆದುಕೊಳ್ಳುವಂತಿಲ್ಲ. ನೆಯ್ಗೆಯ ಹಾಸು ಹೊಕ್ಕಿನ ಎಳೆಗಳನ್ನು ಕಣ್ಣಿನಿಂದ ಎಣಿಸಿಯೇ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಶುರುವಿನ ತುದಿಯನ್ನೂ ಕೊನೆಯ ತುದಿಯನ್ನೂ ಅದೇ ಹೊಲಿಗೆಗಳ ಒಳಗೆ ಸೇರಿಸಿ ಮರೆಮಾಡಬೇಕು. ನಮ್ಮ ಸೋದರತ್ತೆಯ ಮುಂದೆ ಯಾರು ಕಸೂತಿ ತಂದು ಹಿಡಿದರೂ ಅವರು ಮೊದಲು ಅದನ್ನು ಮಗುಚುತ್ತಿದ್ದರು. “ಮುಂದಿಂದು ಯಾರರ ಮಾಡ್ತಾರವಾ, ಹಿಂದಿಂದು ತೋರಿಸು” ಎನ್ನುತ್ತಿದ್ದರು. ಬಟ್ಟೆಯ ಬೆನ್ನು ನೋಡಿಯೇ ಕೈಯ ಗುಣ ಹೇಳುವುದು ಅವರ ಕಾಲದವರ ರೀತಿ. ಅದು ಸರಿಯಾದ ರೀತಿ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಇವುಗಳಲ್ಲಿ ಗವಂತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೈಗೆ ಕಾಗದ, ಪೆನ್ಸಿಲ್ ಸಿಗುವಂತಿದ್ದರೆ ನಾನು ಹೇಳುತ್ತಿದ್ದಂತೆ ಬರೆದುಕೊಳ್ಳಿ.

ಒಂದು ಸಣ್ಣ ಗಿಡ. ನೆಟ್ಟಗೆ ನಿಂತ ಕಾಂಡ, ಐದು ಹೊಲಿಗೆಯಷ್ಟು ಎತ್ತರ. ಮೂರನೆಯ ಹೊಲಿಗೆ ಮುಗಿಯುವ ಕಡೆ ಬಲಕ್ಕೆ ಒಂದು ಟೊಂಗೆ, ಎರಡು ಹೊಲಿಗೆಯಷ್ಟು ಉದ್ದ. ಒಂದೊಂದು ಹೊಲಿಗೆಗೂ ನಾಲ್ಕು ನಾಲ್ಕು ಎಳೆ. ಸೂಜಿ ಕಾಂಡದ ಬುಡದಲ್ಲಿ ಮೇಲೆ ಬಂತು ಎಂದುಕೊಳ್ಳಿ. ಮೊದಲ ಹೊಲಿಗೆ ಬಟ್ಟೆಯ ಮುಖದ ಮೇಲೆ ಬೀಳುತ್ತದೆ, ಎರಡನೆಯದು ಬೆನ್ನಿಗೆ, ಮೂರನೆಯದು ಮತ್ತೆ ಮುಖಕ್ಕೆ. ಈಗ ಟೊಂಗೆ ಒಡೆಯುವ ಜಾಗಕ್ಕೆ ಬಂದಿದ್ದೀರಿ. ಕಾಂಡವನ್ನು ಅಲ್ಲಿಗೇ ನಿಲ್ಲಿಸಿ ಟೊಂಗೆಗೆ ತಿರುಗಿ. ಅದರ ಮೊದಲ ಹೊಲಿಗೆ ಬೆನ್ನಿಗೆ ಹೋಗುತ್ತದೆ, ಎರಡನೆಯದು ಮುಖಕ್ಕೆ. ತುದಿ ಮುಟ್ಟಿದಿರಿ. ಅಲ್ಲಿಂದ ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಮುಖದಲ್ಲಿದ್ದ ಹೊಲಿಗೆಯ ಬೆನ್ನಿಗೊಂದು ಬೀಳುತ್ತದೆ, ಬೆನ್ನಿನಲ್ಲಿದ್ದುದರ ಮುಖಕ್ಕೊಂದು. ಟೊಂಗೆ ಎರಡೂ ಕಡೆ ತುಂಬಿತು. ಇನ್ನು ಕಾಂಡದ ಉಳಿದ ಎರಡು ಹೊಲಿಗೆ: ನಾಲ್ಕನೆಯದು ಬೆನ್ನಿಗೆ, ಐದನೆಯದು ಮುಖಕ್ಕೆ. ನೆತ್ತಿ ಮುಟ್ಟಿ, ಹೋಗುವಾಗ ಬಿಟ್ಟ ಸಂದುಗಳನ್ನೆಲ್ಲ ತುಂಬಿಕೊಳ್ಳುತ್ತಾ ಕೆಳಗಿಳಿಯಿರಿ. 7 ಗೆರೆ, 14 ಹೊಲಿಗೆ. ಸೂಜಿ ಹೊರಟ ಜಾಗಕ್ಕೇ ಬಂದು ನಿಂತಿರುತ್ತದೆ. ಬಟ್ಟೆ ಮಗುಚಿ ನೋಡಿ, ಅಲ್ಲೂ ಅದೇ ಗಿಡ. ಟೊಂಗೆ ಮಾತ್ರ ಎಡಕ್ಕೆ.

ಟೊಂಗೆಯನ್ನು ಮೇಲೇರುವಾಗಲೂ ಮುಗಿಸಬಹುದು, ಇಳಿಯುವಾಗಲೂ ಮುಗಿಸಬಹುದು. ಮರೆತರೆ ಮಾತ್ರ ತೊಂದರೆ. ಬುಡಕ್ಕೆ ಬಂದ ಮೇಲೆ ಟೊಂಗೆಗೆ ಮತ್ತೆ ಹೋಗಲು ದಾರಿಯೇ ಇರುವುದಿಲ್ಲ. ದಾರವನ್ನು ಬೆನ್ನಿನಲ್ಲಿ ಅಡ್ಡ ಎಳೆದುಕೊಂಡು ಹೋದರೆ ಅದು ಕಾಣುತ್ತದೆ. ಆದ್ದರಿಂದ ಸೂಜಿ ಒಂದು ಕಡೆ ಓಡುತ್ತಿದ್ದರೆ ಮನಸ್ಸು ನಾಲ್ಕು ತಿರುವು ಮುಂದೆ ಇರಬೇಕಾಗುತ್ತದೆ. ತೇರಿನಂಥ ದೊಡ್ಡ ಚಿತ್ತಾರದಲ್ಲಿ ಇಂಥ ತಿರುವುಗಳು ಲೆಕ್ಕವಿಲ್ಲದಷ್ಟು. ಅವನ್ನೆಲ್ಲ ಬಾಯಿಪಾಠದಂತೆ ತಲೆಯಲ್ಲಿಟ್ಟುಕೊಂಡು ಸೊಸೆಗೆ ಹೇಳಿಕೊಟ್ಟವರಲ್ಲಿ ಎಷ್ಟೋ ಜನ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಕಾಂಡ, ಟೊಂಗೆಯ ಬದಲು ಒಂದು ಚೌಕ ಹಾಕಬೇಕಾಗಿದೆ ಎನ್ನಿ. ನಾಲ್ಕು ಹೊಲಿಗೆಯಲ್ಲಿ ಒಂದು ಸುತ್ತು ಆಯಿತು. ದೇವರಿಗೆ ಪ್ರದಕ್ಷಿಣೆ ಹಾಕಿದಂತೆ ಎರಡನೆಯ ಸುತ್ತನ್ನೂ ಅದೇ ದಿಕ್ಕಿನಲ್ಲಿ ಹಾಕಿದರೆ ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ಸಂದುಗಳು ಸಂದುಗಳಾಗಿಯೇ ಉಳಿಯುತ್ತವೆ. ತಿರುಗಿ ಎದುರು ದಿಕ್ಕಿಗೆ ಬಂದರಷ್ಟೇ ತುಂಬುತ್ತವೆ. ಒಮ್ಮೆ ಮಾಡಿ ನೋಡಿದರೆ ಏಕೆ ಹೀಗೆ ಎಂಬುದು ಬೆರಳಿಗೇ ತಿಳಿಯುತ್ತದೆ. ಅಡ್ಡ ಮತ್ತು ಉದ್ದ ಗೆರೆಗಳಿಂದಾದ ಚಿತ್ತಾರ ಎಷ್ಟೇ ಜಟಿಲವಾಗಿರಲಿ, ಅದರ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು. ಪ್ರತಿ ಗೆರೆಯಲ್ಲೂ ಒಮ್ಮೆ ಹೋಗಿ, ಒಮ್ಮೆ ಎದುರಿನಿಂದ ಬಂದು, ದಾರ ಎಲ್ಲೂ ಕಡಿಯದೆ ಹೊರಟಲ್ಲಿಗೆ ಮರಳಬಹುದು. ಇದು ಬರೀ ಅನುಭವದ ಮಾತಲ್ಲ, ಗಣಿತದ ಸತ್ಯ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ 7 ಸೇತುವೆಗಳಿದ್ದವು. ಒಂದೊಂದನ್ನೂ ಒಂದೇ ಸಲ ದಾಟಿ ಎಲ್ಲವನ್ನೂ ಮುಗಿಸಲು ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞ 1736ರ ಸುಮಾರಿಗೆ ಬಿಡಿಸಿದ. ಎಲ್ಲವನ್ನೂ ಮುಗಿಸಿ ಹೊರಟಲ್ಲಿಗೇ ಬರಬೇಕಾದರೆ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಸಮಸಂಖ್ಯೆಯ ದಾರಿಗಳು ಬಂದು ಸೇರಬೇಕು ಎಂದು ಅವನ ಉತ್ತರದಿಂದ ತಿಳಿಯಿತು. ಆ ಊರಿನಲ್ಲಿ ಹಾಗಿರಲಿಲ್ಲ, ಆದ್ದರಿಂದ ಆಗಲಿಲ್ಲ. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ನಡೆಯುತ್ತೇವೆ. ಎಲ್ಲ ಕೂಡುಜಾಗವೂ ತಾನಾಗಿಯೇ ಸಮವಾಗುತ್ತದೆ.

ಇದೇ ಹೊಲಿಗೆ ಯುರೋಪಿನಲ್ಲೂ ಇದೆ. ಅಲ್ಲಿ ಅದಕ್ಕೆ ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರನ ಹೆಸರು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದವರ ಚಿತ್ರಗಳನ್ನು ಬರೆದವನು ಅವನು. ರಾಣಿ ಜೇನ್ ಸೆಮೋರ್‌ಳ ಚಿತ್ರದಲ್ಲಿ ಅವಳ ತೋಳಿನ ತುದಿಯ ಬಿಳಿ ಬಟ್ಟೆಯ ಮೇಲೆ ಕರಿಯ ದಾರದ ಈ ಕೆಲಸವನ್ನು ಎಷ್ಟು ನಿಖರವಾಗಿ ಬರೆದಿದ್ದಾನೆಂದರೆ, ನೋಡಿಕೊಂಡು ಹೊಲಿಯಬಹುದು. ಅವರದು ಬಿಳಿಯ ಮೇಲೆ ಕಪ್ಪು. ನಮ್ಮದು ಕಪ್ಪಿನ ಮೇಲೆ ಕೆಂಪು, ಕಿತ್ತಳೆ, ಹಸಿರು, ಹಳದಿ, ನೇರಳೆ.

ಕಸೂತಿಯ ಉಳಿದ ಮೂರು ಹೊಲಿಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಮುರಗಿ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವ ಗವಂತಿಯೇ. ಇದೂ ಎರಡೂ ಕಡೆ ಒಂದೇ. ನೇಯ್ಗಿಯಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡು ಹೊಲಿಗೆಯ ಸಾಲುಗಳು, ಕೆಲವು ಉದ್ದ, ಕೆಲವು ಗಿಡ್ಡ. ಮಗ್ಗದಲ್ಲೇ ನೆಯ್ದಂತೆ ಕಾಣುತ್ತದೆ. ಮೆಂತಿ ಎಂದರೆ ಕತ್ತರಿ ಹೊಲಿಗೆ. ತೇರಿನ ಗಾಲಿ, ಆನೆಯ ಮೈ ತುಂಬಲು ಅದು ಬೇಕು. ದಾರ ಹೆಚ್ಚು ಹಿಡಿಯುತ್ತದೆ, ಬಟ್ಟೆಗೆ ಭಾರ ಕೊಡುತ್ತದೆ, ಬೆನ್ನು ಮುಖದಂತಿರುವುದಿಲ್ಲ. ನನಗೆ ಅದರ ಮೇಲೆ ಗವಂತಿಯ ಮೇಲಿನಷ್ಟು ಪ್ರೀತಿ ಇಲ್ಲ.

ಮನೆಯಲ್ಲಿ ಶುರು ಮಾಡಬೇಕೆಂಬ ಆಸೆ ನಿಮಗೆ ಹುಟ್ಟಿದ್ದರೆ, ಮೊದಲ ದಿನವೇ ಒಳ್ಳೆಯ ಸೀರೆಗೆ ಕೈ ಹಾಕಬೇಡಿ. ಎಳೆ ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆಯೋ ದಪ್ಪ ನೂಲಿನ ಖಾದಿಯೋ ಒಂದು ಕರವಸ್ತ್ರದಷ್ಟು ಸಾಕು. ಆರೆಳೆಯ ಹತ್ತಿ ದಾರದ ಲಡಿ ಊರೂರಿನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮ್ಯಾಟಿಗೆ ಎರಡೆಳೆ ಬಿಡಿಸಿಕೊಳ್ಳಿ, ತೆಳು ಬಟ್ಟೆಗೆ ಒಂದೇ ಎಳೆ. ಒಂದು ಮೊಳಕ್ಕಿಂತ ಉದ್ದದ ದಾರ ಪೋಣಿಸಬೇಡಿ. ಉದ್ದವಾದಷ್ಟೂ ತೊಡರುತ್ತದೆ, ಬಟ್ಟೆಯ ಒಳಗೆ ಹೊರಗೆ ಓಡಾಡಿ ತುದಿಯ ಕಡೆ ಬಣ್ಣ ಮಾಸಿ ಜುಂಗು ಏಳುತ್ತದೆ. ಸೂಜಿಯ ಮೊನೆ ಮೊಂಡಾಗಿರಲಿ. ಮೊಂಡು ಸೂಜಿ ಎಳೆಗಳ ನಡುವಿನ ಕಿಂಡಿಯಲ್ಲೇ ದಾರಿ ಮಾಡಿಕೊಂಡು ಹೋಗುತ್ತದೆ. ಚೂಪು ಸೂಜಿ ಎಳೆಯನ್ನೇ ಸೀಳುತ್ತದೆ, ಎಣಿಕೆ ತಪ್ಪಿಸುತ್ತದೆ. ಕೆಂಪು ದಾರವನ್ನು ಮೊದಲು ನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಗೆ ಒತ್ತಿ ನೋಡಿಕೊಳ್ಳಿ. ಬಣ್ಣ ಬಿಡುವುದಿದ್ದರೆ ಅಲ್ಲೇ ಗೊತ್ತಾಗಲಿ.

ಬೆಳಕಿನ ಮಾತು ಬಹಳ ಮುಖ್ಯ. ಬೆಳಗಿನ ಹೊತ್ತು ಕಿಟಕಿಯ ಬದಿ ಕೂಡುವುದು ಎಲ್ಲಕ್ಕಿಂತ ಒಳ್ಳೆಯದು. ಕರಿಯ ಬಟ್ಟೆಯ ಮೇಲೆ ಎಳೆ ಎಣಿಸಲು ಕಣ್ಣು ಸೋಲುತ್ತದೆ ಎಂದು ದೂರುವವರು ಬಹಳ. ತೊಡೆಯ ಮೇಲೆ ಬಿಳಿಯ ಪಂಚೆಯನ್ನೋ ಹಳೆಯ ದುಪ್ಪಟ್ಟಿಯನ್ನೋ ಹಾಸಿಕೊಂಡು ಅದರ ಮೇಲೆ ಕರಿ ಬಟ್ಟೆ ಹಿಡಿದರೆ ಎಳೆಗಳ ನಡುವಿನ ಕಿಂಡಿಗಳು ಬೆಳ್ಳಗೆ ಹೊಳೆಯುತ್ತವೆ. ಎಳೆಯೇ ಕಾಣದಷ್ಟು ನಯವಾದ ರೇಷ್ಮೆಯಾದರೆ, ಜಾಳಿಯಂಥ ಕ್ಯಾನ್ವಾಸ್ ಬಟ್ಟೆಯನ್ನು ಅದರ ಮೇಲೆ ಹಗುರವಾಗಿ ಹೊಲಿದುಕೊಂಡು ಜಾಳಿಯ ಕಣ್ಣುಗಳನ್ನೇ ಎಣಿಸಿ ಕಸೂತಿ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಜಾಳಿಯ ನೂಲುಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಹಳಬರು ಇದನ್ನು ಒಪ್ಪಲಿಕ್ಕಿಲ್ಲ. ಐವತ್ತು ದಾಟಿದ ಕಣ್ಣುಗಳಿಗೆ ಅದು ದೊಡ್ಡ ಉಪಕಾರ ಎಂದೇ ನಾನು ಹೇಳುತ್ತೇನೆ.

ಹುಡುಗರಿಗೂ ಕಲಿಸಿ. ಚೌಕುಳಿ ಪುಸ್ತಕದಲ್ಲಿ ಗಣಿತ ಮಾಡುವ ಹುಡುಗನಿಗೆ ಗವಂತಿಯ ದಾರಿ ಹುಡುಕುವುದು ಒಂದು ಒಳ್ಳೆಯ ಒಗಟು. ಮೊದಲು ಕಾಗದದ ಮೇಲೆ, ಆಮೇಲೆ ಬಟ್ಟೆಯ ಮೇಲೆ. ಸೂಜಿ ಹೆಣ್ಣುಮಕ್ಕಳ ಕೈಗೇ ಸೇರಿದ್ದು ಎಂದು ಯಾರೂ ಕಟ್ಟಳೆ ಮಾಡಿಲ್ಲ. ಊರಿನ ದರ್ಜಿಗಳಲ್ಲಿ ಗಂಡಸರೇ ಹೆಚ್ಚಲ್ಲವೆ?

ಈಗ ಯಂತ್ರದ ಕಸೂತಿ ಪೇಟೆ ತುಂಬ ಇದೆ, ಅಚ್ಚು ಹೊಡೆದ ಕಸೂತಿಯೂ ಇದೆ. ಧಾರವಾಡದ ಕಸೂತಿ ಎಂದೇ ಮಾರುತ್ತಾರೆ. ಕೊಳ್ಳುವಾಗ ನಮ್ಮ ಸೋದರತ್ತೆ ಮಾಡಿದಂತೆ ಮಗುಚಿ ನೋಡಿದರೆ ಮುಗಿಯಿತು. ಯಂತ್ರದ್ದಾದರೆ ಬೆನ್ನಿನಲ್ಲಿ ಬಾಬಿನ್ನಿನ ಬೇರೆ ದಾರ ಕಾಣುತ್ತದೆ, ಒಮ್ಮೊಮ್ಮೆ ಅಂಟಿಸಿದ ಕಾಗದದ ಪದರವೂ ಇರುತ್ತದೆ. ಕೈ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ರಾಜ್ಯದ ಕರಕುಶಲ ನಿಗಮದ ಕಾವೇರಿ ಮಳಿಗೆಗಳಲ್ಲಿ ಅದಕ್ಕೊಂದು ಜಾಗವೂ ಇದೆ. ಅಷ್ಟಾದರೂ ಇದನ್ನೇ ನಂಬಿ ಮನೆಯಲ್ಲಿ ಕೂತು ಹಾಕಿಕೊಡುವ ಹೆಂಗಸರ ಕೈಗೆ ಬರುವ ಕೂಲಿ ಅವರ ದುಡಿಮೆಗೆ ತಕ್ಕದ್ದಲ್ಲ. ಕಸೂತಿ ಹಾಕಿಕೊಟ್ಟವರಿಂದ ಸೀರೆ ಕೊಂಡವರವರೆಗೆ ನಡುವೆ ಕೈಗಳು ಬಹಳ. ನಾವು ಮನೆಯಲ್ಲಿ ಒಂದು ಅಂಗೈಯಗಲದ ತುಳಸಿಕಟ್ಟೆಯನ್ನು ಹಾಕಿ ಮುಗಿಸಿದ್ದರೆ ಅಂಗಡಿಯಲ್ಲಿ ಚೌಕಾಸಿಗೆ ಬಾಯಿ ಬರುವುದಿಲ್ಲ. ಒಂದು ಸೆರಗು ತುಂಬಲು ಎಷ್ಟು ಹಗಲು ಬೇಕಾದೀತು ಎಂದು ನಮ್ಮ ಕತ್ತು, ಕಣ್ಣುಗಳೇ ಹೇಳುತ್ತವೆ. ಮನೆಯಲ್ಲಿ ಸಂತೋಷಕ್ಕೆ ಮಾಡುವವರು ಹೆಚ್ಚಿದರೆ ಮಾರುವವರ ಹೊಟ್ಟೆಯ ಮೇಲೆ ಕಲ್ಲು ಬೀಳುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನನ್ನ ಎಣಿಕೆ ತಿರುಗಾಮುರುಗಾ. ಬೆಲೆ ಕೊಡುವ ಗಿರಾಕಿ ಸಿಗುವುದು ಕೆಲಸ ಗೊತ್ತಿರುವವರ ಮನೆಗಳಿಂದಲೇ.

ಸಂಡೂರಿನ ಲಂಬಾಣಿ ಹೆಂಗಸರ ಕನ್ನಡಿ, ಕವಡೆಯ ಕೆಲಸ ಇನ್ನೊಂದು ದೊಡ್ಡ ಲೋಕ. ಅದಕ್ಕೆ ಬೇರೆಯದೇ ಭಾಷಣ ಬೇಕು. ಈಗ ಕೌದಿಯ ಬಗ್ಗೆ ಒಂದಿಷ್ಟು ಹೇಳುತ್ತೇನೆ. ಎಣಿಕೆಯ ಕೆಲಸ ತಮ್ಮ ಸ್ವಭಾವಕ್ಕೆ ಒಗ್ಗುವುದಿಲ್ಲ ಎನ್ನುವವರಿಗೆ ಕೌದಿಯಲ್ಲಿ ಬಿಡುವಾದ ದಾರಿ ಇದೆ.

ಹಳೆಯ ಸೀರೆ, ಧೋತರ, ಹರಿದ ಅಂಗಿ, ಲಂಗ ಇವೇ ಕೌದಿಯ ಬಂಡವಾಳ. ಎರಡು ಮೂರು ಸೀರೆಗಳನ್ನು ಪದರ ಮಾಡಿ ನೆಲದ ಮೇಲೆ ಬಿಗಿಯಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಹೊಂದಿಸಿ ಸಾದಾ ಓಡು ಹೊಲಿಗೆ ಹಾಕುವುದು. ಹೊಲಿಗೆಯ ಸಾಲು ಅಂಚಿನಿಂದ ಹೊರಟು ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಕೂತರೆ ಹಾಡೂ ಆಯಿತು, ಮನೆಮನೆಯ ಸುದ್ದಿಯೂ ಆಯಿತು, ಮಳೆಗಾಲಕ್ಕೆ ಹೊದಿಕೆಯೂ ಆಯಿತು. ತುಂಡುಗಳ ಜೋಡಣೆಯಲ್ಲಿ ಕೈಯವರ ಸ್ವಂತ ಬುದ್ಧಿ ಎದ್ದು ಕಾಣುತ್ತದೆ. ಇಳಕಲ್ಲ ಸೀರೆಯ ದಡಿಯ ಪಟ್ಟಿಯನ್ನು ಎಲ್ಲಿಡಬೇಕು, ಖಣದ ತುಂಡು ಎದೆಯ ಮೇಲೆ ಬರಬೇಕೋ ಕಾಲ ಕಡೆಗೋ ಎಂದು ವಾದ ನಡೆಯುತ್ತದೆ. ಕೂಸಿನ ಕೌದಿಗೆ ಅಜ್ಜಿಯ ಮೆತ್ತನೆಯ ಹಳೆ ಸೀರೆಯೇ ಆಗಬೇಕು. ಹೊಸ ಬಟ್ಟೆಯ ಗಂಜಿ ಎಳೆಯ ಮೈಗೆ ಚುಚ್ಚುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಇರುವ ಸಿದ್ದಿ ಹೆಣ್ಣುಮಕ್ಕಳ ಕವಂದಿ ಎಂಬ ಕೌದಿಗಳನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಆಫ್ರಿಕದಿಂದ ಬಂದ ಹಿರಿಯರ ವಂಶದವರು ಅವರು. ಬಣ್ಣದ ಮೇಲೆ ಬಣ್ಣ ಇಡುವ ಅವರ ಧೈರ್ಯ ಬೇರೆಯವರಿಗೆ ಬರುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಮೇಲೆ ಕೆಲಸ ಮಾಡಿದರು, ಅವು ನ್ಯೂಯಾರ್ಕಿನ ಪ್ರದರ್ಶನದವರೆಗೆ ಹೋದವು. ಕವಂದಿಯ ಹೊಲಿಗೆ ಮುಗಿದರೂ ಕೆಲಸ ಮುಗಿದಂತಲ್ಲ. ನಾಲ್ಕು ಮೂಲೆಗೂ ಬಟ್ಟೆಯ ತುಂಡನ್ನು ಮುಕ್ಕೋನವಾಗಿ ಮಡಿಸಿ, ಪದರದ ಮೇಲೆ ಪದರ ಇಟ್ಟು ಹೊಲಿಯಬೇಕು. ಅದನ್ನು ಅವರು ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕವಂದಿಯನ್ನು ಬರಿಮೈಯ ಕವಂದಿ ಎಂದು ಹೊರಗೆ ಕೊಡುವುದಿಲ್ಲ. ಯಾವ ಉಪಯೋಗಕ್ಕೂ ಬಾರದ ಆ ನಾಲ್ಕು ಮುಕ್ಕೋನಗಳ ಮೇಲೆ ಅವರಿಗಿರುವ ಹಟ ನನಗೆ ಬಹಳ ಇಷ್ಟ.

ಕೊನೆಯಲ್ಲಿ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯದೋ ಅತ್ತೆಯದೋ ಕಸೂತಿಯ ಸೀರೆ ಇದ್ದರೆ ಈ ವಾರವೇ ತೆಗೆದು ನೋಡಿ. ರೇಷ್ಮೆ ಮಡಿಕೆಯ ಗುಂಟ ಸೀಳುತ್ತದೆ, ಆದ್ದರಿಂದ ಆಗಾಗ ಮಡಿಕೆ ಬದಲಿಸಬೇಕು. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಹಾಗೆ ಇಡುವ ಮೊದಲು ಒಂದು ಚೌಕುಳಿ ಪುಸ್ತಕ ತಂದು ಅದರ ಒಂದೊಂದು ಚಿತ್ತಾರವನ್ನೂ ಎಣಿಸಿ ಬರೆದುಕೊಳ್ಳಿ. ನಾಲ್ಕು ಎಳೆಗೆ ಒಂದು ಮನೆ. ಸೂಜಿ ಎಲ್ಲಿಂದ ಹೊರಟು ಯಾವ ಕಡೆ ತಿರುಗಿತು ಎಂದು ಬಾಣದ ಗುರುತು ಹಾಕಿ. ಯಾವ ಬಣ್ಣ, ಯಾವ ಹೊಲಿಗೆ, ಸೀರೆ ಯಾರದು, ಯಾವ ಊರಿನಲ್ಲಿ ಹಾಕಿದ್ದು ಎಂದು ಪಕ್ಕದಲ್ಲಿ ಬರೆಯಿರಿ. ಹಾಕಿದವರು ಇನ್ನೂ ಇದ್ದರೆ ಅವರ ಪಕ್ಕದಲ್ಲೇ ಕೂತು ಬರೆಯಿರಿ. ಪುಸ್ತಕಕ್ಕೆ ಬಾರದ ಚಿತ್ತಾರಗಳು ಅವರ ನೆನಪಿನಲ್ಲಿ ಇನ್ನಷ್ಟು ಇರುತ್ತವೆ, ಕೇಳಿದರೆ ಹೇಳುತ್ತಾರೆ.